ಹೆರಾಲ್ಡ್ ತೋರಿಸಿದ ಜಾಗ

ನನ್ನ ಗಂಡ ಹೆರಾಲ್ಡ್ ಜೀವಮಾನದಲ್ಲಿ ಒಂದು ಮೊಲಕ್ಕೂ ಗುಂಡು ಹೊಡೆದವನಲ್ಲ. ಕೋವಿಯ ಸದ್ದಿಗೇ ಕಿವಿ ಮುಚ್ಚಿಕೊಳ್ಳುತ್ತಾನೆ. ಆದರೂ ಕಾರ್ಕಳದ ಈ ಘಟ್ಟದ ಬುಡದಲ್ಲಿ ಬೇಟೆ ಎಂದರೆ ಮೊದಲು ಬರುವುದು ಅವನ ಹೆಸರು. ಕಡವೆ ಯಾವ ದಾರಿಯಲ್ಲಿ ಇಳಿಯುತ್ತದೆ, ಯಾವ ಮರದ ಬುಡದಲ್ಲಿ ಕಾದು ಕುಳಿತರೆ ಎದುರು ಸಿಗುತ್ತದೆ ಎಂದು ಹೇಳುವುದೇ ಅವನ ಹೆಚ್ಚುಗಾರಿಕೆ. ಹೇಳಿ ಮನೆಗೆ ಬಂದು, ಜಗಲಿಯಲ್ಲಿ ಕುಳಿತು ಗುಂಡಿನ ಸದ್ದಿಗೆ ಕಾಯುತ್ತಾನೆ. ಇಂಥ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನಂಜೆಯ ಗದ್ದೆಬಯಲಿನಿಂದ ಮದುವೆಯಾಗಿ ಬಂದ ನನಗೆ ಕಾಡು ಗೊತ್ತಿರಲಿಲ್ಲ. ಇಲ್ಲಿ ನೋಡಿದರೆ ಗಂಡ ನೆಲಕ್ಕೆ ಬಗ್ಗಿ ಕಡವೆಯ ಹಿಕ್ಕೆ ಹೆಕ್ಕುತ್ತಿದ್ದ. ಬೆರಳಲ್ಲಿ ಒಡೆದು ಮೂಸಿ, "ನಿನ್ನೆ ಸಂಜೆಯದ್ದು" ಎನ್ನುತ್ತಿದ್ದ. ಅದೇ ಕೈಯಲ್ಲಿ ಚಹಾದ ಲೋಟ ಹಿಡಿಯಲು ಬರುತ್ತಿದ್ದ. ಥೂ, ಕೈ ತೊಳೆಯದೆ ಒಳಗೆ ಕಾಲಿಡಬೇಡ ಎಂದು ಮದುವೆಯಾದ ವಾರದಲ್ಲೇ ಗದರಿದವಳು ನಾನು.

ಅವನ ಅಣ್ಣಂದಿರು ದೋಹಾಕ್ಕೆ ಹೋಗಿ ಮಣಿಪಾಲದಲ್ಲಿ ಫ್ಲ್ಯಾಟ್ ಮಾಡಿಕೊಂಡರು. ಇವನೂ ಹೋಗಿದ್ದ, ಸೆಕೆ ತಡೆಯುವುದಿಲ್ಲ ಎಂದು ವರ್ಷ ತುಂಬುವ ಮೊದಲೇ ವಾಪಸು ಬಂದ. ಆಮೇಲೆ ಇವನ ಪಾಲಿಗೆ ಗೇರುತೋಟ, ಹಂದಿಗೂಡು, ಒಂದು ಹಳೆಯ ಸ್ಕೂಟರು. ಮನೆಯವರೆಲ್ಲ ಸೇರಿದಾಗ ಇವನನ್ನು ಮಾತನಾಡಿಸುವವರೇ ಇರಲಿಲ್ಲ. ಬೇಟೆಯ ಸುದ್ದಿ ಬಂದರೆ ಮಾತ್ರ ಕುರ್ಚಿ ಎಳೆದುಕೊಂಡು ಇವನ ಹತ್ತಿರ ಬರುತ್ತಿದ್ದರು.

"ಹೆರಾಲ್ಡ್, ಈ ಸಲ ಜಾಗ ಎಲ್ಲಿ ಉಂಟು, ಹೇಳು ಮಾರಾಯ. ನಿನ್ನ ಹಾಗೆ ಹೇಳುವವರು ಯಾರಿದ್ದಾರೆ?"

ಅಷ್ಟು ಹೇಳಿ ಅಟ್ಟಕ್ಕೇರಿಸಿದರೆ ಸಾಕು, ಇವನ ಮುಖ ಅರಳುತ್ತಿತ್ತು. ಬೇಟೆ ಅಪರಾಧ, ಫಾರೆಸ್ಟಿನವರು ಹಿಡಿದರೆ ಜೈಲು ಎಂದು ನಾನು ಬೊಬ್ಬೆ ಹೊಡೆದರೆ, "ನಾನು ಎಂತ ಮಾಡಿದೆ? ಜಾಗ ಹೇಳಿದೆ, ಅಷ್ಟೆ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಒಂದು ನಿಯಮ ಮಾತ್ರ ಅವನಿಗಿತ್ತು. ಅದನ್ನು ಕಲಿಸಿದವರು ನನ್ನ ಮಾವ. ಮೇವಿನ ದಾರಿಯಲ್ಲಿ ಕಾಯಬಹುದು, ಮಲಗುವ ಪೊದೆಯ ಅಂಚಿನಲ್ಲಿ ಕಾಯಬಹುದು, ನೀರಿನ ಬಳಿ ಕಾಯಬಾರದು. ನಮ್ಮ ಗುಡ್ಡದ ಮೇಲೆ ಒಂದು ಒರತೆ ಇದೆ. ಬೇಸಗೆಯಲ್ಲಿ ಸುತ್ತಲಿನ ತೋಡುಗಳೆಲ್ಲ ಒಣಗಿದರೂ ಅದು ಬತ್ತುವುದಿಲ್ಲ. ನನ್ನ ಅಡುಗೆಮನೆಯ ನಲ್ಲಿಗೆ ನೀರು ಬರುವುದು ಅಲ್ಲಿಂದಲೇ, ಪೈಪಿನಲ್ಲಿ. ಅಲ್ಲಿ ಕಡವೆಗಳು ನೀರು ಕುಡಿಯುವುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆ ಜಾಗವನ್ನು ಯಾರಿಗೂ ಹೇಳುವುದಿಲ್ಲ ಎಂದು ಅವನು ನನಗೆ ಮಾತು ಕೊಟ್ಟಿದ್ದ. ಅವನ ಮೇಲೆ ನನಗೆ ಗೌರವವೇನಾದರೂ ಇದ್ದರೆ ಅದು ಆ ಒಂದು ಮಾತಿಗೆ.

ಕಳೆದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ದೊಡ್ಡ ಭಾವನ ಮಗ ಡ್ಯಾರಿಲ್ ದೋಹಾದಿಂದ ರಜೆಯಲ್ಲಿ ಬಂದ. ಜೊತೆಗೆ ಊರಿನ ಇಬ್ಬರು ಗೆಳೆಯರು, ಒಬ್ಬನ ಬಳಿ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಕೋವಿ. ಈಸ್ಟರ್ ಊಟಕ್ಕೆ ಕಡವೆ ಮಾಂಸ ಆಗಬೇಕಂತೆ. ತಪಸ್ಸುಕಾಲದಲ್ಲಿ ನಾವು ಮಾಂಸವನ್ನೇ ಮುಟ್ಟುವುದಿಲ್ಲ, ನೀವು ಬೇಟೆಗೆ ಹೊರಟಿದ್ದೀರಾ ಎಂದು ಕೇಳಿದೆ.

"ತಿನ್ನುವುದು ಈಸ್ಟರಿಗೆ ಅಲ್ವಾ ಆಂಟಿ? ಅಲ್ಲಿಯವರೆಗೆ ಫ್ರೀಜರಿನಲ್ಲಿ ಇಡುವುದು. ಅದರಲ್ಲಿ ಪಾಪ ಎಂತ ಉಂಟು?" ಎಂದ ಡ್ಯಾರಿಲ್.

ದೇವರಿಗೇ ಫ್ರೀಜರು ತೋರಿಸುವ ಈ ಭಕ್ತಿ ಕಂಡು ನನಗೆ ಹೇಸಿಗೆಯಾಯಿತು.

ಹೆರಾಲ್ಡ್ ಮೊದಲು ಗೇರುತೋಟದಾಚೆ ಒಂದು ಜಾಗ ತೋರಿಸಿದ, ಮರುದಿನ ನೆಲ್ಲಿಮರಗಳ ಕೆಳಗೆ ಇನ್ನೊಂದು. ಗಾಳಿ ಮುಖಕ್ಕೆ ಬರುವ ಹಾಗೆ ಕೂರಿಸಿದ. ಸೆಂಟು ಹಾಕಬೇಡಿ, ಅಲುಗಾಡಬೇಡಿ ಎಂದ. ಅವರು ಸೆಂಟು ಹಾಕಿಕೊಂಡೇ ಹೋದರು, ಕೂತಲ್ಲಿ ಮೊಬೈಲು ಒತ್ತಿದರು. ಏನೂ ಸಿಗಲಿಲ್ಲ. ವಾಪಸು ಬಂದು ನಮ್ಮ ಜಗಲಿಯಲ್ಲೇ ಕೂತು, ನಾನು ಕೊಟ್ಟ ಚಹಾ ಕುಡಿಯುತ್ತ ಡ್ಯಾರಿಲ್ ಗೆಳೆಯರಿಗೆ ಹೇಳಿದ, "ಅಂಕಲ್‌ಗೆ ವಯಸ್ಸಾಯಿತು. ಇನ್ನು ಇವರನ್ನು ನಂಬಿ ಪ್ರಯೋಜನ ಇಲ್ಲ. ಒಂದು ಡ್ರೋನ್ ತರಿಸುವ."

ಹೆರಾಲ್ಡನ ಮುಖ ಕಪ್ಪಿಟ್ಟಿತು. ಅವನನ್ನು ಅಡುಗೆಮನೆಗೆ ಕರೆದೆ.

"ಅವರು ಎಂತ ಬೇಕಾದರೂ ಹೇಳಲಿ. ಒರತೆ ಮಾತ್ರ ಬೇಡ."

"ನಿನಗೆ ಮರುಳಾ? ನಾನು ಹೇಳುತ್ತೇನಾ?" ಎಂದ. ನನ್ನ ಮುಖ ನೋಡದೆ ಹೇಳಿದ.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಗುಡ್ಡದಲ್ಲಿ, ತೀರಾ ಹತ್ತಿರದಲ್ಲಿ, ಗುಂಡಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪಾತ್ರೆಯ ನೀರು ಕೆಂಪಗೆ ಕಂಡಿತು. ಕುಚ್ಚಲಕ್ಕಿಯ ಬಣ್ಣ ಎಂದುಕೊಂಡು ಚೆಲ್ಲಿ ಮತ್ತೆ ನೀರು ಹಿಡಿದೆ. ನಲ್ಲಿಯಿಂದಲೇ ಕೆಂಪಗೆ ಬರುತ್ತಿತ್ತು. ಅಕ್ಕಿಯನ್ನು ಪಾತ್ರೆ ಸಮೇತ ಹಿತ್ತಿಲಿಗೆ ಎಸೆದು, ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿದೆ.

ಏದುಸಿರು ಬಿಡುತ್ತ ಗುಡ್ಡ ಹತ್ತಿದೆ. ಹೆಣ್ಣು ಕಡವೆ ಒರತೆಯ ಗುಂಡಿಗೇ ಬಿದ್ದಿತ್ತು. ತುಂಬಿದ ಬಸುರಿ. ಡ್ಯಾರಿಲ್ ಅದರ ಕಿವಿ ಹಿಡಿದು ತಲೆ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಕೋವಿಯವನು ಹೆರಾಲ್ಡನ ಬೆನ್ನು ತಟ್ಟಿ, "ಜಾಗ ಅಂದರೆ ಇದು ಅಂಕಲ್. ನಿಮ್ಮನ್ನು ಮೀರಿಸುವವರು ಇಲ್ಲ" ಎಂದ. ಹೆರಾಲ್ಡ್ ನಕ್ಕ. ಸತ್ತ ಬಸುರಿಯ ಪಕ್ಕ ನಿಂತು, ನಾನು ಬಂದದ್ದನ್ನು ಕಂಡ ಮೇಲೂ, ನಕ್ಕ. ಇಷ್ಟು ವರ್ಷ ಇವನ ಪಕ್ಕ ಮಲಗಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ಮಾತು ಕೊಟ್ಟಿದ್ದೆ ನೀನು" ಎಂದೆ.

"ಒಂದು ಸಲ ಅಷ್ಟೆ, ಮೇಬಲ್. ಇನ್ನು ಇಲ್ಲ."

ಜಾಗ ತೋರಿಸಿದವನಿಗೆ ತೊಡೆಯ ಪಾಲು ಎಂಬುದು ಇಲ್ಲಿಯ ಪದ್ಧತಿ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಂದ ಆ ತೊಡೆಯನ್ನು ನಾನು ಹೊಸಿಲು ದಾಟಲು ಬಿಡಲಿಲ್ಲ. ಈಸ್ಟರ್ ದಿನ ಮಟ್ಟುಗುಳ್ಳ ಬದನೆಯ ಸಾರು ಮಾಡಿದೆ, ನೆರೆಮನೆಯ ಕುಶಲಾಳ ಬಾವಿಯಿಂದ ನೀರು ಹೊತ್ತು ತಂದು. ಹೆರಾಲ್ಡ್ ಮಣಿಪಾಲದ ಫ್ಲ್ಯಾಟಿಗೆ ಹೋಗಿ ಉಂಡು ಬಂದ. ಎಲ್ಲರೂ ಎಷ್ಟು ಹೊಗಳಿದರೆಂದು ನನಗೇ ವರದಿ ಬೇರೆ ಒಪ್ಪಿಸಿದ.

ಡ್ಯಾರಿಲ್ ದೋಹಾಕ್ಕೆ ಮರಳಿದ ಮೇಲೆ, ಒಂದು ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬಂದಿದ್ದೆವಷ್ಟೆ. ಕೆಳಗೆ ಜೀಪಿನ ಸದ್ದು ಕೇಳಿತು. ಹೆರಾಲ್ಡ್ ಇಗರ್ಜಿಗೆ ಹಾಕಿದ ಇಸ್ತ್ರಿ ಅಂಗಿಯಲ್ಲೇ ಗೇಟಿಗೆ ಓಡಿದ. ಜೀಪಿನಲ್ಲಿದ್ದದ್ದು ಡ್ಯಾರಿಲನ ಗೆಳೆಯರು, ಇನ್ನೂ ಹಲವರು. ಇವನು ಕೈ ಎತ್ತಿದ. ಜೀಪು ನಿಲ್ಲದೆ ನೇರ ಗುಡ್ಡ ಹತ್ತಿತು.

ಅವನು ಕೋವಿಯವನಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಅಂಕಲ್, ನಿಮಗೆ ಯಾಕೆ ತೊಂದರೆ? ಡ್ಯಾರಿಲ್ ಅವತ್ತೇ ಮೊಬೈಲಿನಲ್ಲಿ ಆ ಜಾಗದ ಲೊಕೇಶನ್ ಹಾಕಿದ್ದಾನೆ. ಗ್ರೂಪಿನಲ್ಲಿ ಎಲ್ಲರಿಗೂ ಉಂಟು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಹೆರಾಲ್ಡ್ ಫೋನು ಜೇಬಿಗೆ ಹಾಕಿಕೊಂಡು ಗೇಟು ಮುಚ್ಚಿದ. ಆಮೇಲೆ ಜಗಲಿಗೆ ಬಂದು ಕುಳಿತ. ಗುಡ್ಡದಲ್ಲಿ ಗುಂಡು ಹಾರಿತು. ಈ ಸಲ ಅವನು ಕಿವಿ ಮುಚ್ಚಿಕೊಳ್ಳಲಿಲ್ಲ.

"ಅವರಿಗೆ ಇನ್ನು ನಾನು ಬೇಡ, ಮೇಬಲ್" ಎಂದ.

"ನನಗೂ ಬೇಡ" ಎಂದು ಹೇಳಿ, ಕೊಡ ಎತ್ತಿಕೊಂಡು ಕುಶಲಾಳ ಬಾವಿಗೆ ಹೊರಟೆ.