ಶೇಷಾದ್ರಿ ಮೇಷ್ಟ್ರ ಬೊಲೆಸ್ತಿ

ಆರೋಗ್ಯವಾಗಿರುವಾಗ ಇಂಗ್ಲಿಷನ್ನು ಧಾರಾಳವಾಗಿ ಉದುರಿಸುವ ನಾನು, ಹೊಟ್ಟೆ ನೊಂದರೆ ಮಾತ್ರ ‘ಅಯ್ಯಮ್ಮಾ’ ಎಂದು ಅಚ್ಚಗನ್ನಡದಲ್ಲೇ ನರಳುತ್ತೇನೆ. ನಿಮ್ಮ ಪಾಡೂ ಹೀಗೇ ಇದ್ದೀತು.

ನೆರೆಮನೆಯ ಶೇಷಾದ್ರಿ ಮೇಷ್ಟ್ರು ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಅವರ ವ್ಯಸನ ಮಾತ್ರ ಈಗ ಯಾರೂ ಆಡದ ಭಾಷೆಗಳದು. ರಷ್ಯನ್ನರ, ಚೆಕ್ಕರ, ಬಲ್ಗೇರಿಯನ್ನರ ಪೂರ್ವಿಕರು ಆಡಿದ್ದಿರಬೇಕೆಂದು ಪಂಡಿತರು ಊಹಿಸಿ ಕಟ್ಟಿದ, ಯಾವ ಬರಹದಲ್ಲೂ ಸಿಗದ್ದರಿಂದ ಪಕ್ಕದಲ್ಲೊಂದು ನಕ್ಷತ್ರಚಿಹ್ನೆ ಧರಿಸಿದ ಪದಗಳನ್ನು ಅವರು ಅಕ್ಕರೆಯಿಂದ ಓದುತ್ತಿದ್ದರು. ‘ಬೊಲೆಸ್ತಿ’ ಅಂಥದೊಂದು.

“ಇದರ ಸಂತಾನ ನೋಡಿ, ಬಲ್ಗೇರಿಯನ್ನರಲ್ಲಿ ಕಾಯಿಲೆ, ಚೆಕ್ಕರಲ್ಲಿ ನೋವು. ನಮ್ಮಲ್ಲಿ ವೇದನೆ ಬೇನೆಯಾಗಿ ಎರಡನ್ನೂ ಹೊತ್ಕೊಂಡಿಲ್ವೇ?” ಎನ್ನುವರು. ನಾನು ಕಾಫಿ ಮುಗಿಯುವವರೆಗೆ ತಲೆದೂಗುತ್ತಿದ್ದೆ.

ಆಗ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದಿದ್ದ ಚೆಕ್ ಇಂಜಿನಿಯರು ಹೆಂಡತಿಯೊಡನೆ ನಮ್ಮ ಎದುರುಮನೆಯಲ್ಲಿದ್ದರು. ಆತ ಮದರಾಸಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಅವರ ಅಡುಗೆಯ ಪುಟ್ಟಮ್ಮ ಓಡಿಬಂದಳು. “ಅಮ್ಮಾವ್ರಿಗೆ ಜ್ವರ ಬಂದ್ಬುಟ್ಟದೆ ಸ್ವಾಮಿ! ‘ಬೋಲಿ ಬೋಲಿ’ ಅಂತ ಒದ್ದಾಡ್ತಾವ್ರೆ!”

ಮಂಡಿ ಮೊಹಲ್ಲಾದ ಅಂಗಡಿಗಳಲ್ಲಿ ನಾನು ಗಳಿಸಿದ್ದ ಉರ್ದುವಿನ ಪ್ರಕಾರ ‘ಬೋಲೋ’ ಎಂದರೆ ಮಾತಾಡು. ಪಾಪ, ಮಾತಿಗೆ ಹಂಬಲಿಸುತ್ತಿದ್ದಾರೆಂದು ಭಾವಿಸಿ ಹಾಸಿಗೆಯ ಬಳಿ ನಿಂತು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಮಾತಾಡಿದೆ. ಆಕೆ ಗೋಡೆಯತ್ತ ಮುದುಡಿಕೊಂಡರು. ಅವರು ಕಲಿತಿದ್ದ ಅಷ್ಟಿಷ್ಟು ಇಂಗ್ಲಿಷೂ ಜ್ವರದಲ್ಲಿ ಕರಗಿಹೋಗಿತ್ತು. ಡಾಕ್ಟರು ಬಂದರು, ಏನಾಗಿದೆಯೆಂದು ತಿಳಿಯಲು ಅವರಿಗೂ ಸಾಧ್ಯವಾಗಲಿಲ್ಲ.

“ಮುಟ್ಟಕ್ಕೇ ಬಿಡ್ತಿಲ್ಲ ಕಣ್ರೀ, ಏನಂತ ತಿಳ್ಕೊಳ್ಲಿ?” ಎಂದು ಕೈಚೆಲ್ಲಿದರು.

ಗದ್ದಲ ಕೇಳಿ ಮೇಷ್ಟ್ರೂ ಬಂದರು. ಆ ನರಳಾಟ ಕಿವಿಗೆ ಬಿದ್ದದ್ದೇ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು, ಪರೀಕ್ಷೆಗೆ ಬಂದ ವಿದ್ಯಾರ್ಥಿಯಂತೆ ತಡವರಿಸುತ್ತ ಕೇಳಿದರು: “ಕ್ದೆ... ಬೋಲಿ?”

ಎಲ್ಲಿ ನೋಯುತ್ತದೆ, ಎಂದು.

ಆಕೆ ಥಟ್ಟನೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತು. ಕಿಬ್ಬೊಟ್ಟೆಯ ಬಲಭಾಗಕ್ಕೆ ಕೈಯಿಟ್ಟು ತೋರಿಸಿದರು. ಮೇಷ್ಟ್ರು ಪಕ್ಕದಲ್ಲಿರಲಾಗಿ ಡಾಕ್ಟರಿಗೂ ಮುಟ್ಟಗೊಟ್ಟರು.

“ಅಪೆಂಡಿಕ್ಸ್! ಬೇಗ ಕಾರು ತರಿಸ್ರೀ!”

ಅಂದೇ ಆಪರೇಷನ್ ಆಯಿತು. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತೆಂದು ಡಾಕ್ಟರು ಹೇಳಿದಾಗ ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆಕೆ ಚೇತರಿಸಿಕೊಂಡ ಮೇಲೆ ದಂಪತಿಗಳು ಮೇಷ್ಟ್ರ ಮನೆಗೆ ಬಂದರು. ಚೆಕ್ ಭಾಷೆಯನ್ನು ಎಲ್ಲಿ ಕಲಿತಿರೆಂದು ಆತ ಇಂಗ್ಲಿಷಿನಲ್ಲಿ ವಿಚಾರಿಸಿದ. ‘ಬೊಲೆಸ್ತಿ’ಯ ಸಂತಾನವನ್ನು ಪುಸ್ತಕದಲ್ಲಿ ಓದಿದ್ದಷ್ಟೇ, ಯಾರ ಬಾಯಿಂದಲೂ ಕೇಳಿದ್ದಿಲ್ಲ ಎಂದು ಮೇಷ್ಟ್ರು ನಾಚಿದರು. ಗಂಡ ಅದನ್ನು ತಿಳಿಸಿದಾಗ ಆಕೆ ಮೇಷ್ಟ್ರ ಎದುರಿಗೆ ಕುಳಿತು, ನೋವಿಗೆ ತಮ್ಮವರು ಹೇಳುವ ಆ ಪದವನ್ನು ನಿಧಾನವಾಗಿ ಉಚ್ಚರಿಸಿದರು: “ಬೊಲೆಸ್ತ್.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಇಂಗ್ಲಿಷು ಮರೆತೇಹೋಗಿರಬೇಕು. “ಇನ್ನೊಂದ್ಸಲ ಹೇಳಮ್ಮ,” ಎಂದರು.

ಕನ್ನಡದ ಒಂದಕ್ಷರವೂ ಬಾರದ ಆಕೆ ನಕ್ಕು, ಇನ್ನೊಂದು ಸಲ ಹೇಳಿದರು.