ತಟ್ಟೆಯ ಮೇಲಿನ ಕೈ

ಬೆಳಗಿನಿಂದ ಗುಡಿಸಿ, ಒರೆಸಿ ಸಾಕಾಗಿತ್ತು. ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ಮನೆಯಲ್ಲಿ ಒರೆಸಿದ ನೆಲ ಒಣಗುವಷ್ಟರಲ್ಲಿ ಧೂಳು ಮತ್ತೆ ಬಂದು ಕೂರುತ್ತದೆ. ಹೇಗೋ ಮಗಳ ಜೊತೆ ಊಟಕ್ಕೆ ಕೂತೆ. ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದಾಯಿತು. ನನ್ನ ಎಡಗೈ ತಾನಾಗಿಯೇ ಚಾಚಿ ತಟ್ಟೆ ಮುಚ್ಚಿತು.

ನಾನು ಬೆಳೆದದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮೇಲೆ ಯಾರಾದರೂ ಮೆಣಸಿನಕಾಯಿ ಒಣಗಿಸಲು ಓಡಾಡಿದರೆ ಸಾಕು, ಜಂತಿಗಳ ಸಂದಿನಿಂದ ಮಣ್ಣು ಉದುರುತ್ತಿತ್ತು.

"ಯಾರಲೇ ಮಾಳಿಗಿ ಮ್ಯಾಲ? ಉಣ್ಣಾಕ ಕುಂತೀವಿ!" ಎಂದು ಅಪ್ಪ ಕೂಗುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅವ್ವನ ಕೈ ಮಾತ್ರ ನನ್ನ ತಟ್ಟೆಯ ಮೇಲಿರುತ್ತಿತ್ತು.

ಉಣ್ಣುವ ಜಾಗದ ಮೇಲೆ ಅವ್ವ ಹಳೆಯ ಸೀರೆಯೊಂದನ್ನು ಜಂತಿಗೆ ಕಟ್ಟಿದ್ದಳು. ಮಣ್ಣು ತುಂಬಿ ಜೋತುಬಿದ್ದಾಗ ಬಿಚ್ಚಿ, ಹಿತ್ತಲಲ್ಲಿ ಜಾಡಿಸಿ, ಮತ್ತೆ ಕಟ್ಟುವಳು. ಒಮ್ಮೆ ಅದು ಹರಿದೇ ಹೋಯಿತು. ಅವ್ವ ಟ್ರಂಕಿನಿಂದ ತನ್ನ ಮದುವೆಯ ಹಸಿರು ಸೀರೆ ತೆಗೆದಳು.

"ಅದು ಬ್ಯಾಡವ್ವಾ," ಎಂದೆ.

"ಉಟ್ಕೊಂಡು ಎಲ್ಲಿಗೆ ಹೋಗ್ಲಿ? ನಿಮ್ಮ ಅನ್ನದಾಗ ಮಣ್ಣು ಬೀಳದಿದ್ರ ಸಾಕು," ಎಂದು ಸುಸ್ತಾದ ದನಿಯಲ್ಲಿ ಹೇಳಿ ಸ್ಟೂಲು ಹತ್ತಿದಳು. ಅಂದಿನಿಂದ ಊಟಕ್ಕೆ ಕೂತು ತಲೆ ಎತ್ತಿದರೆ ಅದರ ಜರಿಯಂಚು ಕಾಣುತ್ತಿತ್ತು.

ಈಗ ತಲೆಯ ಮೇಲಿರುವುದು ಸಿಮೆಂಟಿನ ಛಾವಣಿ, ಏನೂ ಉದುರುವುದಿಲ್ಲ.

"ಮಮ್ಮಿ, ನನ್ನ ಪ್ಲೇಟ್ ಯಾಕ ಮುಚ್ಚೀದಿ?" ಎಂದಳು ಮಗಳು.

ನೋಡಿದೆ. ನನ್ನ ತಟ್ಟೆ ತೆರೆದೇ ಇತ್ತು.