ಜೊತೆಗೆ ಬಂದವರು

ಮೊನ್ನೆ ಪೊರೆ ತೆಗೆಸಿಕೊಳ್ಳಲು ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಕಂಪ್ಯೂಟರ್ ಮುಂದಿದ್ದ ಹುಡುಗಿ ಹೆಸರು, ಊರು, ವಯಸ್ಸು ಎಲ್ಲ ಕೇಳಿ, "ಜೊತೆಗೆ ಯಾರ್ ಬಂದಿದಾರೆ ಮೇಡಂ?" ಎಂದಳು. ಯಾರೂ ಇಲ್ಲ ಎಂದೆ. "ಆ ಜಾಗ ಖಾಲಿ ಬಿಟ್ರೆ ಇದು ತಗೊಳಲ್ಲ. ಯಾರಾದ್ರೂ ಬಂದ್ಮೇಲೆ ಹೇಳಿ. ಇಲ್ದಿದ್ರೆ ಆಪರೇಷನ್ ಮುಂದಕ್ಕೆ ಹಾಕ್ತೀವಿ" ಎಂದು ನನ್ನನ್ನು ಬೆಂಚಿಗೆ ಕಳಿಸಿದಳು. ನನಗೆ ನಗು ಬಂತು. ಆ ಖಾಲಿ ಜಾಗ ನನಗೆ ಹಳೆಯ ಪರಿಚಯದ್ದು.

ತೊಂಬತ್ತರ ದಶಕದಲ್ಲಿ, ಇದೇ ಊರಿನಲ್ಲಿ, ಕಣ್ಣಿನ ಶಿಬಿರ ನಡೆಸುವ ಒಂದು ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ರೋಗಿಗಳ ವಿವರ ಫ್ಲಾಪಿಗಳಲ್ಲಿ ಬರುತ್ತಿತ್ತು. ಸಾವಿರಾರು ಸಾಲುಗಳು, ಎಲ್ಲವನ್ನೂ ಒಂದೇ ಡೇಟಾಬೇಸಿಗೆ ತುಂಬಬೇಕು. ಹೇಳಿದಷ್ಟು ಸುಲಭವಲ್ಲ ಸ್ವಾಮಿ. ಹೆಸರಿನ ಜಾಗದಲ್ಲಿ ಊರು ಕುಳಿತಿರುತ್ತಿತ್ತು. ವಯಸ್ಸಿನ ಜಾಗದಲ್ಲಿ "ಮೊಮ್ಮಕ್ಕಳಿದ್ದಾರೆ" ಎಂದಿರುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ದಿನವಿಡೀ ಆರಿಸುತ್ತಿದ್ದೆ. ಬಾಡಿಗೆ ಕೋಣೆಗೆ ಮರಳಿದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹಾಗಾಗಿ ಕೆಲಸ ಬೇಗ ಮುಗಿಯಲಿ ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಮಾತು ಅಂತ ಇದ್ದದ್ದು ಜೊತೆ ಕೆಲಸದ ಮೆಹರುನ್ನಿಸಾ ಅಕ್ಕನೊಂದಿಗೆ ಮಾತ್ರ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಫ್ಲಾಪಿಯೊಂದಿಗೆ ಬರುತ್ತಿದ್ದ ರೋಗಿಯ ಕಾರ್ಡನ್ನು ಅವರು ಗಟ್ಟಿಯಾಗಿ ಓದಬೇಕು, ನಾನು ತೆರೆಯ ಮೇಲಿನ ಸಾಲು ನೋಡಿ, ಸರಿಯಿದ್ದರೆ "ಹೂಂ" ಅನ್ನಬೇಕು. ಎಷ್ಟು ಅಭ್ಯಾಸವಾಗಿತ್ತೆಂದರೆ, ಕೋಣೆಯಲ್ಲಿ ಸ್ಟೌ ಮುಂದೆ ನಿಂತಾಗಲೂ ನಾನೊಬ್ಬಳೇ ಹೂಂಗುಟ್ಟುತ್ತಿದ್ದೆ.

ನನ್ನದೊಂದು ಜಾಣತನ ನೋಡಿ. ಜೊತೆಗೆ ಬಂದವರು ರೋಗಿಯ ಊರಿನವರೇ ಆಗಿರಬೇಕು ಎಂದು ಡೇಟಾಬೇಸಿಗೆ ನಿಯಮ ಹಾಕಿದೆ. ರಾಶಿ ರಾಶಿ ಸಾಲುಗಳು ಹೊರಗೆ ಬಿದ್ದವು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರು ಸೇರಿರುತ್ತಾರೆಂಬುದು ಮದುವೆಯಾಗದ ನನಗೆ ಹೊಳೆದಿರಲಿಲ್ಲ. ಅವರನ್ನೆಲ್ಲ ಒಳಗೆ ಸೇರಿಸಿದ ಮೇಲೂ ಕೆಲವು ಉಳಿದವು. ಕೈವಾರದ ಮುನಿವೆಂಕಟಮ್ಮನ ಜೊತೆಗೆ ಬಂದವರು ಅಲೀಪುರದ ಅಬ್ಬಾಸ್, ತಮ್ಮ. ಅಬ್ಬಾಸನೂ ರೋಗಿಯೇ, ಅವನ ಜೊತೆಗೆ ಬಂದವರು ಯಾರೆಂದು ನೋಡಿದರೆ ಮುನಿವೆಂಕಟಮ್ಮ, ಅಕ್ಕ!

"ಈ ಫ್ಲಾಪಿ ಕೆಟ್ಟಿದೆ ಅಕ್ಕ, ಇವನ್ನೆಲ್ಲ ಅಳಿಸಿಬಿಡ್ತೀನಿ" ಎಂದೆ.

ಅಕ್ಕ ಕಾರ್ಡು ಕೆಳಗಿಟ್ಟರು. "ಅರೆ, ಕೆಟ್ಟಿಲ್ಲ ಕಣಮ್ಮ. ಜೊತೆಗೆ ಯಾರೂ ಇಲ್ದಿದ್ರೆ ವಾಪಸ್ ಕಳಿಸ್ತಾರಲ್ಲ, ಅದಕ್ಕೆ ಬಸ್ಸಲ್ಲಿ ಪಕ್ಕ ಕೂತಿದ್ದೋರ್ನೇ ಅಕ್ಕ, ತಮ್ಮ ಅಂತ ಬರೆಸ್ತಾರೆ. ನಮ್ಮ ಕಡೆ ಎಲ್ಲಾ ಹಿಂಗೇ."

"ಸುಳ್ಳಲ್ವಾ ಅದು?"

"ಹೆಂಗಮ್ಮ ಸುಳ್ಳು? ಕಣ್ಣಿಗೆ ಪಟ್ಟಿ ಕಟ್ಕೊಂಡು ಬಂದೋಳ್ನ ಕೈ ಹಿಡ್ದು ಬಸ್ ಹತ್ತಿಸಿದ್ದು ಯಾರು?"

ನಿಯಮ ತೆಗೆದುಹಾಕಿದೆ. ಎಲ್ಲರೂ ಒಳಗೆ ಹೋದರು. ಆ ಸಂಜೆ ಕೋಣೆಯಲ್ಲಿ ಕುಳಿತು ಅತ್ತೆ. ಮುಖವನ್ನೇ ಕಾಣದ ಆ ಮುನಿವೆಂಕಟಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಸ್ವಲ್ಪ ದಿನಕ್ಕೆ ಡೇಟಾಬೇಸು ಶುದ್ಧವಾಯಿತು, ಓದಲು ಕಾರ್ಡು ಉಳಿಯಲಿಲ್ಲ, ಅಕ್ಕ ಬರುವುದು ನಿಂತಿತು. ಆಮೇಲೆ ಎಷ್ಟೋ ಬಸ್ಸು ಹತ್ತಿದ್ದೇನೆ. ಪಕ್ಕದವರನ್ನು ಮಾತಾಡಿಸುವ ಧೈರ್ಯ ಮಾತ್ರ ಬರಲಿಲ್ಲ.

ಮೊನ್ನೆ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಕೊನೆಗೆ, "ನಿಮ್ಮ ಜೊತೆಗೆ ಯಾರು ಬಂದಿದಾರೆ?" ಎಂದೆ.

"ಯಾರೂ ಇಲ್ಲಮ್ಮ. ಅದಕ್ಕೇ ಕೂರ್ಸವ್ರೆ."

ಎದ್ದು ಕೈ ನೀಡಿದೆ. ಅವರು ಏಕೆ ಎಂದು ಕೇಳದೆ ಹಿಡಿದುಕೊಂಡರು. ಇಬ್ಬರೂ ಹುಡುಗಿಯ ಮುಂದೆ ನಿಂತೆವು. ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

"ಇವ್ರು ನಿಮ್ಗೆ ಏನಾಗ್ಬೇಕು ಮೇಡಂ?" ಎಂದಳು ಹುಡುಗಿ.

"ಅಕ್ಕ" ಎಂದೆ.

ಪಕ್ಕದಿಂದ ಮೆಲ್ಲಗೆ "ಹೂಂ" ಎಂದು ಕೇಳಿಸಿತು.